ಸಂಗಮದ ದಡದಲ್ಲೊಂದು ಹಗಲು

ಕಳೆದ ಬೇಸಿಗೆಯಲ್ಲಿ ಮಕ್ಕಳ ಸಂಸ್ಕಾರ ಶಿಬಿರದವರೊಡನೆ ನಾವು ಕೂಡಲಸಂಗಮಕ್ಕೆ ಹೋಗಿದ್ದೆವು. ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ, ಸುತ್ತಲಿನ ಊರುಗಳ ಮಕ್ಕಳು. ಕೃಷ್ಣೆ ಮಲಪ್ರಭೆಯರು ಕೂಡುವ ಆ ತಾಣವನ್ನು ಇಂದು ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸಿದೆ. ಅಣ್ಣನವರ ಐಕ್ಯಸ್ಥಳಕ್ಕೆ ಸುತ್ತಲೂ ಗೋಡೆಯೆತ್ತಿ ರಕ್ಷಣೆ ಒದಗಿಸಿರುವುದರಿಂದ, ಬಾವಿಗಿಳಿಯುವಂತೆ ಮೆಟ್ಟಿಲಿಳಿದೇ ದರ್ಶನ ಪಡೆಯಬೇಕು. ಗದ್ದಲವೆಬ್ಬಿಸುತ್ತಿದ್ದ ಮಕ್ಕಳು ಇಳಿಯುತ್ತಿಳಿಯುತ್ತ ತಾವಾಗಿಯೇ ಮೌನವಾದರು.

ಮಧ್ಯಾಹ್ನ ಮರದ ನೆರಳಿನಲ್ಲಿ ಕಾಯಕ ದಾಸೋಹಗಳನ್ನು ಕುರಿತು ಅರ್ಧ ತಾಸು ಮಾತನಾಡಿದೆವು. ಮಾತು ಉದ್ದವಾಯಿತೆಂಬುದು ಆಕಳಿಕೆಗಳಿಂದ ತಿಳಿಯಿತು. ಬಳಿಕ ಪ್ರಸಾದ. ಅವರವರ ತಾಟನ್ನು ಅವರವರೇ ತೊಳೆಯುವುದು ಶಿಬಿರದ ನಿಯಮ. ಎಂಟು ವರ್ಷದ ಬಾಲಕನೊಬ್ಬ ಏಳದೆ ಕುಳಿತಿದ್ದ. ಕಾರಣ ಕೇಳಿದೆವು.

"ಅಜ್ಜಾರ, ನಿಮ್ಮ ತಾಟ ಅವರು ಒಯ್ದ್ರಲ್ರೀ, ನಂದೂ ಒಯ್ತಾರಂತ ಕುಂತೀನ್ರಿ."

ಮಠ ಸೇರಿದ ಹೊಸತರಲ್ಲಿ ದಿನವೂ ರಾಶಿ ತಾಟುಗಳನ್ನು ತೊಳೆದ ಕೈಗಳಿವು. ಪಂಡಿತರೆನಿಸಿಕೊಂಡ ಮೇಲೆ ಅದನ್ನು ಎಂದು ಬಿಟ್ಟೆವೋ, ನೆನಪಾಗಲಿಲ್ಲ. ನಳದ ಬಳಿಗೆ ಹೋಗಿ ನಮ್ಮ ತಾಟನ್ನು ಹುಡುಕಿ ತೆಗೆದೆವು. ಬಾಲಕನೂ ತನ್ನದನ್ನು ಹಿಡಿದು ಪಕ್ಕದಲ್ಲಿ ಬಂದು ಕುಳಿತ. ತುಸು ಹೊತ್ತು ನಮ್ಮ ಕೈಗಳನ್ನೇ ನೋಡಿ, "ಅಂಚಿನ್ಯಾಗ ಇನ್ನೂ ಹುಗ್ಗಿ ಅಂಟೈತ್ರಿ" ಎಂದ.