ತೆರೆಯದ ಬಾನೆಟ್ಟಿನ ಕೆಳಗೆ ಊರಿನ ಎಂಜಿನ್

ಆಕ್ಸ್‌ಫರ್ಡ್ ಎಂದರೆ ಹೆಚ್ಚಿನವರಿಗೆ ವಿಶ್ವವಿದ್ಯಾಲಯ, ನಿಘಂಟು, ಕಲ್ಲಿನ ಗೋಪುರಗಳು. ನನ್ನ ಮಟ್ಟಿಗೆ ಅದು ಚಿಕ್ಕಂದಿನಿಂದಲೂ ಕಾರಿನ ಊರು. ನಮ್ಮ ಅಂಬಾಸಿಡರ್ ಇಂಗ್ಲೆಂಡಿನಲ್ಲಿ ಮಾರಿಸ್ ಆಕ್ಸ್‌ಫರ್ಡ್ ಆಗಿತ್ತು, ಅಲ್ಲಿಂದ ಬಂಗಾಳದ ಉತ್ತರಪಾಡಾಕ್ಕೆ ಬಂದು ಹೆಸರು ಬದಲಿಸಿಕೊಂಡಿತು ಎಂದು ಘಟ್ಟದ ಊರಿನ ಗ್ಯಾರೇಜುಗಳಲ್ಲಿ ಹೇಳುವುದನ್ನು ಕೇಳುತ್ತಲೇ ಬೆಳೆದವನು ನಾನು. ಹಾಗಾಗಿ ಆ ಊರಿನಲ್ಲಿ ಇಳಿದವನೇ ಕಾಲೇಜುಗಳನ್ನು ಬಿಟ್ಟು ಲಾಂಗ್‌ವಾಲ್ ಬೀದಿಗೆ ಹೋದೆ. ಸೈಕಲ್ ರಿಪೇರಿಯಿಂದ ಬದುಕು ಶುರುಮಾಡಿದ ವಿಲಿಯಂ ಮಾರಿಸ್ ತನ್ನ ಗ್ಯಾರೇಜು ಇಟ್ಟಿದ್ದ ಇಟ್ಟಿಗೆಯ ಕಟ್ಟಡ ಅಲ್ಲಿ ಈಗಲೂ ಇದೆ. ಅವನ ಮೊದಲ ಕಾರು ಮಾರುಕಟ್ಟೆಗೆ ಬಂದದ್ದು 1913ರಲ್ಲಿ. ಅದರ ಹೆಸರೂ ಮಾರಿಸ್ ಆಕ್ಸ್‌ಫರ್ಡ್.

ಕರೆದುಕೊಂಡು ಹೋಗಿದ್ದವನು ಸಕಲೇಶಪುರದ ಕಡೆಯ ಗೆಳೆಯ. ಇಂಗ್ಲೆಂಡಿನಲ್ಲಿಯೇ ಎಂಜಿನಿಯರ್ ಆಗಿ ನೆಲೆಸಿದವನು. ಅವನಲ್ಲಿ 1956ರ ಒಂದು ಎಂ.ಜಿ.ಎ. ಇದೆ. ಎರಡು ಸೀಟಿನ, ಮಾಡು ಇಲ್ಲದ, ತಿಳಿನೀಲಿ ಬಣ್ಣದ ಕಾರು. ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳೇ ಎಂ.ಜಿ. ಆ ಗ್ಯಾರೇಜಿನ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ ಎಂಬಾತ ಮಾರಿಸ್ ಕಾರುಗಳಿಗೆ ಚುರುಕಾದ, ಹಗುರಾದ ಮೈ ಕಟ್ಟಿಸಿ ಮಾರತೊಡಗಿದ್ದರಿಂದ ಇದೆಲ್ಲ ಹುಟ್ಟಿತು. ತಾನೇ ಕಟ್ಟಿದ ಸಂಸ್ಥೆಯಿಂದ 1941ರಲ್ಲಿ ಅವನನ್ನು ಹೊರಗೆ ಕಳಿಸಿದರು. 1945ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸಿನಲ್ಲಿ ರೈಲು ಅಪಘಾತದಲ್ಲಿ ತೀರಿಕೊಂಡ. ಆ ಕಾರಿನ ಪಕ್ಕ ನಿಂತಾಗ ಅವನ ಕಥೆ ನೆನಪಾಗಿ ಮನಸ್ಸು ಭಾರವಾಯಿತು.

ಎಂ.ಜಿ.ಎ. ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ! ಕೈಯನ್ನು ಒಳಗೆ ಇಳಿಬಿಟ್ಟು, ಬಾಗಿಲೊಳಗಿನ ಹುರಿಯೊಂದನ್ನು ಎಳೆದರೆ ಅದು ತೆರೆದುಕೊಳ್ಳುತ್ತದೆ. ಕೂತರೆ ರಸ್ತೆ ಕೈಗೆ ಸಿಗುವಷ್ಟು ಹತ್ತಿರ. ಕಾಲ ಕೆಳಗಿನ ನೆಲ ಮರದ ಪ್ಲೈವುಡ್ಡು. ಬ್ಯಾಟರಿ ಮುಂದೆ ಇಲ್ಲ, ಸೀಟಿನ ಹಿಂದೆ ಆರಾರು ವೋಲ್ಟಿನವು ಎರಡು ಕೂತಿವೆ. ಬಾನೆಟ್ಟು, ಡಿಕ್ಕಿಯ ಮುಚ್ಚಳ, ಬಾಗಿಲಿನ ಹೊರಮೈ ಇವಷ್ಟೂ ಅಲ್ಯುಮಿನಿಯಂ, ಉಳಿದದ್ದು ಉಕ್ಕು. ಬಾನೆಟ್ಟಿನ ಮೇಲೆ ಅಂಗೈ ಸವರಿದರೆ ಎಲ್ಲಿಯೂ ಒಂದು ಮೂಲೆ ಸಿಗುವುದಿಲ್ಲ. ರೆಕ್ಕೆಯಿಂದ ಮೂಗಿನವರೆಗೆ ಒಂದೇ ಓಘ.

ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರಿನಷ್ಟು ಹೋದರೆ ಥೇಮ್ಸ್ ದಡದಲ್ಲಿ ಅಬಿಂಗ್ಡನ್. ರಾಜಮನೆತನದ ಸಂಭ್ರಮವಿದ್ದಾಗ ಕೌಂಟಿ ಹಾಲ್ ಕಟ್ಟಡದ ಮೇಲಿನಿಂದ ಜನರತ್ತ ಬನ್ನು ಎಸೆಯುವ ಊರು ಇದು! 1929ರಲ್ಲಿ ಎಂ.ಜಿ. ಇಲ್ಲಿನ ಹಳೆಯ ಚರ್ಮದ ಕಾರ್ಖಾನೆಯೊಂದರ ಜಾಗಕ್ಕೆ ಬಂತು, 1980ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಜಗತ್ತೆಲ್ಲ ಮೆಚ್ಚಿದ ಕಾರುಗಳನ್ನು ಜೋಡಿಸಿದ ಆ ಕಾರ್ಖಾನೆಯಲ್ಲಿ ಯಂತ್ರ ಎಳೆಯುವ ಅಸೆಂಬ್ಲಿ ಲೈನ್ ಇರಲಿಲ್ಲ. ಒಂದು ಹಂತದ ಕೆಲಸ ಮುಗಿದ ಮೇಲೆ ಕಾರನ್ನು ಕೆಲಸಗಾರರು ಕೈಯಿಂದಲೇ ಮುಂದಿನ ಹಂತಕ್ಕೆ ತಳ್ಳುತ್ತಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಎಂ.ಜಿ.ಎ.ಗಳು ಹೀಗೆ ಕೈಯಿಂದ ಕೈಗೆ ಸಾಗಿಯೇ ಹೊರಬಂದವು, ಅವುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ನಾನು ಕೂತಿದ್ದ ಕಾರು ಇಂಗ್ಲೆಂಡಿನಲ್ಲಿಯೇ ಉಳಿದ ಸಣ್ಣ ಪಾಲಿನದು.

ಅಲ್ಲಿಂದ ಪಶ್ಚಿಮಕ್ಕೆ ಹೊರಟೆವು. ಅಫಿಂಗ್ಟನ್ ಗುಡ್ಡದ ಮೇಲೆ ಮೂರು ಸಾವಿರ ವರ್ಷಗಳ ಹಿಂದೆ ಜನ ಹುಲ್ಲು ಕೆತ್ತಿ, ಸುಣ್ಣಕಲ್ಲು ತುಂಬಿ ಮಾಡಿದ ಬಿಳಿ ಕುದುರೆಯೊಂದು ಇದೆ. ಅದನ್ನು ನೋಡುವುದು ಉದ್ದೇಶ. ವಾಂಟೇಜ್ ಪೇಟೆಯಲ್ಲಿ ಆಲ್ಫ್ರೆಡ್ ದೊರೆಯ ಪ್ರತಿಮೆ ದಾಟಿ, ಗುಡ್ಡದ ಬುಡದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿದ್ದೆವು ಅಷ್ಟೆ, ಡ್ಯಾಶಿನಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಅದರ ಹಿಂದೆಯೇ ನೀರಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಎರಡೂ ಒಟ್ಟಿಗೆ ಬಂದರೆ ಫ್ಯಾನ್ ಬೆಲ್ಟು ಎಂದೇ ಅರ್ಥ. ಡೈನಮೋ ಮತ್ತು ನೀರಿನ ಪಂಪು ಎರಡನ್ನೂ ತಿರುಗಿಸುವುದು ಅದೊಂದೇ ಬೆಲ್ಟು. ಗೆಳೆಯ ಹೊಲದ ಗೇಟಿನ ಪಕ್ಕ ಗಾಡಿ ನಿಲ್ಲಿಸಿ, ಡ್ಯಾಶಿನ ಕೆಳಗಿನ ಗುಬುಟು ಎಳೆದ. ಅದು ತಂತಿಯ ಸಮೇತ ಸಲೀಸಾಗಿ ಕೈಗೆ ಬಂತು. ಬಾನೆಟ್ಟು ಕದಲಲಿಲ್ಲ.

ಬಾನೆಟ್ಟಿನ ಬೀಗ ಕೆಲಸ ಮಾಡುವ ರೀತಿ ನನಗೆ ತಿಳಿದದ್ದು ಆ ಗೇಟಿನ ಬಳಿ. ಬಾನೆಟ್ಟಿನ ಮೂಗಿನ ಅಡಿಯಲ್ಲಿ ಸ್ಪ್ರಿಂಗ್ ಸುತ್ತಿದ ಒಂದು ಪಿನ್ನು ಇದೆ. ಮುಚ್ಚಿದಾಗ ಅದು ರೇಡಿಯೇಟರಿನ ಮುಂದಿನ ತಗಡಿನ ತೂತಿನೊಳಗೆ ಇಳಿಯುತ್ತದೆ, ಒಂದು ಕೊಂಡಿ ಅದರ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಗುಬುಟು ಎಳೆದರೆ ತಂತಿ ಆ ಕೊಂಡಿಯನ್ನು ಪಕ್ಕಕ್ಕೆ ಸರಿಸಬೇಕು, ಸ್ಪ್ರಿಂಗು ಬಾನೆಟ್ಟನ್ನು ಮೇಲಕ್ಕೆ ನೂಕಬೇಕು. ಅದರ ನಂತರವೂ ಒಂದು ಕೊಕ್ಕೆ ಇರುತ್ತದೆ, ಓಡುವಾಗ ಗಾಳಿಗೆ ಬಾನೆಟ್ಟು ಹಾರದಿರಲಿ ಎಂದು; ಅದನ್ನು ಸಂದಿಯಲ್ಲಿ ಬೆರಳು ತೂರಿಸಿ ಬಿಡಿಸಬೇಕು. ಕೊಂಡಿ ಅಂಟಿಕೊಂಡಿದ್ದರೆ ಮದ್ದು ಸುಲಭ: ಒಬ್ಬರು ಮೂಗಿನ ಹತ್ತಿರ ಅಂಗೈಯಿಂದ ಒತ್ತಿ ಸ್ಪ್ರಿಂಗಿನ ಬಿಗಿ ಸಡಿಲಿಸಬೇಕು, ಇನ್ನೊಬ್ಬರು ಅದೇ ಹೊತ್ತಿಗೆ ಗುಬುಟು ಎಳೆಯಬೇಕು. ನಮಗೆ ಆ ದಾರಿ ಇರಲಿಲ್ಲ. ತಂತಿಯೇ ಕೊಂಡಿಯ ಬಳಿ ಕಿತ್ತುಹೋಗಿತ್ತು.

ಸ್ಕ್ರೂಡ್ರೈವರ್ ಹಾಕಿ ಮೀಟೋಣವೇ ಎಂದೆ. ಗೆಳೆಯ ಬಾನೆಟ್ಟಿಗೆ ಅಡ್ಡ ಕೈ ಹಿಡಿದು ನಿಂತ. ಅಲ್ಯುಮಿನಿಯಂ ಒಮ್ಮೆ ಮಡಿಚಿದರೆ ಹಳೆಯ ಆಕಾರಕ್ಕೆ ತರುವುದು ಬಹಳ ಕಷ್ಟ, ಕೊಂಡಿ ಮಾತ್ರ ಆ ಮೀಟಿಗೆ ಜಗ್ಗುವುದಿಲ್ಲ. ಎಂಜಿನ್ ತಣಿಯುವವರೆಗೆ ಕಾದೆವು. ಆ ಹೊತ್ತಿನಲ್ಲಿ ಗುಡ್ಡದ ಮೇಲೆ ಕುರಿಗಳು ಮೇಯುವುದನ್ನು, ನೆರಳು ಮೋಡದ ಜೊತೆ ಓಡುವುದನ್ನು ನೋಡುತ್ತ ಕೂತೆ. ಆಮೇಲೆ ಅವನು ಡಿಕ್ಕಿಯಿಂದ ಒಂದು ಹಾಸು, ಟಾರ್ಚು, ದಪ್ಪ ತಂತಿಯ ತುಂಡು ತೆಗೆದ. ತಂತಿಯ ತುದಿಯನ್ನು ಇಕ್ಕಳದಿಂದ ಕೊಕ್ಕೆಯಂತೆ ಬಗ್ಗಿಸಿ, ಬಂಪರಿನ ಕೆಳಗೆ ಅಂಗಾತ ಮಲಗಿ, ರೇಡಿಯೇಟರಿನ ಮುಂದಿನ ಇಕ್ಕಟ್ಟಿನೊಳಗೆ ತೋಳು ತೂರಿಸಿದ. ನಾನು ಮೇಲಿನಿಂದ ಅಂಗೈ ಊರಿ ಮೆಲ್ಲಗೆ ಒತ್ತಿದೆ. ಒಳಗೆ ಲೋಹಕ್ಕೆ ಲೋಹ ತಾಗುವ ಸದ್ದು ಕೇಳುತ್ತಿತ್ತು, ಜಾರುತ್ತಿತ್ತು, ಮತ್ತೆ ಕೇಳುತ್ತಿತ್ತು. ‘ಸ್ವಲ್ಪ ಒತ್ತು… ಹಾಂ, ಅಲ್ಲೇ ಇರು’ ಎಂದು ಕೆಳಗಿನಿಂದ ಅಪ್ಪಟ ಮಲೆನಾಡಿನ ಕನ್ನಡ ಬಂತು. ಟಕ್ ಎಂದಿತು. ಅಂಗೈ ಅಡಿಯಲ್ಲಿ ಬಾನೆಟ್ಟು ಮಲಗಿದ್ದ ಕರು ತಲೆ ಎತ್ತಿದ ಹಾಗೆ ಎದ್ದಿತು.

ಕೊಕ್ಕೆ ಬಿಡಿಸಿ, ಎತ್ತಿ, ಊರುಗೋಲು ಕೊಟ್ಟು ನಿಲ್ಲಿಸಿ ಒಳಗೆ ಬಗ್ಗಿದೆ. ಬಗ್ಗಿದವನು ಹಾಗೇ ನಿಂತುಬಿಟ್ಟೆ.

ಎಡಗಡೆ ಕಾರ್ಬ್ಯುರೇಟರು, ಅದರ ಕೆಳಗೇ ಸೈಲೆನ್ಸರಿಗೆ ಹೋಗುವ ಎರಕದ ಕೊಳವೆ. ಬಲಗಡೆ ಡಿಸ್ಟ್ರಿಬ್ಯೂಟರು, ಮುಂದೆ ಡೈನಮೋ. ನೆತ್ತಿಯ ಮೇಲೆ ತಗಡಿನ ಉದ್ದ ಟ್ಯಾಪೆಟ್ ಕವರು, ಅದಕ್ಕೆ ಎಣ್ಣೆ ಹೊಯ್ಯುವ ಮುಚ್ಚಳ. ಇದೆಲ್ಲ ನನಗೆ ಗೊತ್ತು! ಚಾರ್ಮಾಡಿಯ ತಿರುವಿನಲ್ಲಿ, ಆಗುಂಬೆಯ ಏರಿನಲ್ಲಿ ಬಾನೆಟ್ಟು ಎತ್ತಿ ನಿಲ್ಲಿಸಿದ ಟ್ಯಾಕ್ಸಿಗಳಲ್ಲಿ ಇದೇ ಎಂಜಿನನ್ನು ಎಷ್ಟು ಸಲ ನೋಡಿಲ್ಲ! ಗೆಳೆಯ ಕೈ ಒರೆಸಿಕೊಳ್ಳುತ್ತ ಎದ್ದುನಿಂತು, ‘ನಿನಗೆ ಇದನ್ನು ತೋರಿಸಬೇಕು ಅಂತಲೇ ಇದ್ದೆ’ ಎಂದ.

ಅದು ಮಾರಿಸ್, ಎಂ.ಜಿ. ಎರಡೂ ಸೇರಿಕೊಂಡಿದ್ದ ಬಿ.ಎಂ.ಸಿ. ಸಂಸ್ಥೆಯ ಬಿ ಸೀರೀಸ್ ಎಂಜಿನ್. 1489 ಸಿ.ಸಿ., ನಾಲ್ಕು ಸಿಲಿಂಡರು, ಪಿಸ್ಟನ್ನಿನ ಓಟ 88.9 ಮಿ.ಮೀ., ಎಂದರೆ ಸರಿಯಾಗಿ ಮೂರೂವರೆ ಇಂಚು. ಸಿಲಿಂಡರ್ ಹೆಡ್ಡನ್ನು ವಿನ್ಯಾಸ ಮಾಡಿದವನು ಹ್ಯಾರಿ ವೆಸ್ಲೇಕ್. ಒಳಗಿನ ದಹನದ ಗೂಡುಗಳಿಗೆ ಹೃದಯದ ಆಕಾರ ಕೊಟ್ಟ. 1955ರಲ್ಲಿ ಅಬಿಂಗ್ಡನ್ನಿನ ಜನ ಇದೇ ವಂಶದ ಎಂಜಿನನ್ನು ಹುರಿಗೊಳಿಸಿ, ಮೂರು ಕಾರುಗಳಲ್ಲಿ ಇಟ್ಟು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟಕ್ಕೆ ಕಳಿಸಿದರು. ಎರಡು ಕೊನೆಯವರೆಗೆ ಓಡಿದವು. ಅದೇ ವರ್ಷ ಎಂ.ಜಿ.ಎ. ಮಾರಾಟಕ್ಕೆ ಬಂತು. ಮರುವರ್ಷ ಪಕ್ಕದ ಕೌಲಿಯಲ್ಲಿ ಮೂರನೆಯ ಸರಣಿಯ ಮಾರಿಸ್ ಆಕ್ಸ್‌ಫರ್ಡ್ ತಯಾರಾಗತೊಡಗಿತು, ಅದರಲ್ಲೂ 1489 ಸಿ.ಸಿ.ಯ ಇದೇ ಎಂಜಿನ್. ಆ ಕಾರೇ ನಮ್ಮ ಅಂಬಾಸಿಡರ್ ಆಯಿತು. 1959ರಿಂದ ಅದಕ್ಕೂ ಇದೇ ಎಂಜಿನ್ ಬಂತು. ಮಂತ್ರಿಗಳನ್ನೂ ಮದುಮಕ್ಕಳನ್ನೂ ಅದು ಹೊತ್ತಿತು, ಬಾಳೆಗೊನೆ ಕಟ್ಟಿಕೊಂಡು ಘಟ್ಟ ಹತ್ತಿತು.

ವ್ಯತ್ಯಾಸ ಇಲ್ಲವೆಂದಲ್ಲ. ಅಂಬಾಸಿಡರಿಗೆ ಒಂದು ಕಾರ್ಬ್ಯುರೇಟರು, ಇದಕ್ಕೆ ಎಸ್.ಯು. ಕಂಪನಿಯವು ಎರಡು. ಅದು ಆರೇಳು ಜನರನ್ನು ತುಂಬಿಕೊಂಡು ನಿಧಾನಕ್ಕೆ ಏರಬೇಕಿತ್ತು, ಇದು ಇಬ್ಬರನ್ನು ಕೂರಿಸಿಕೊಂಡು ಗಂಟೆಗೆ 150 ಕಿಲೋಮೀಟರ್ ದಾಟಬೇಕಿತ್ತು. ಒಂದು ಎಂಜಿನ್ ಎರಡೂ ಬಾಳನ್ನು ಬಾಳಿತಲ್ಲ ಎಂಬುದೇ ನನ್ನನ್ನು ಬೆರಗುಗೊಳಿಸಿದ್ದು. ಇಲ್ಲಿ ಲ ಮಾನ್, ಅಲ್ಲಿ ಶಿರಾಡಿ.

ಬೆಲ್ಟು ಹರಿದಿರಲಿಲ್ಲ, ಸಡಿಲವಾಗಿತ್ತು. ಡೈನಮೋದ ಬೋಲ್ಟು ಸಡಿಲಿಸಿ, ಅದನ್ನು ಹೊರಕ್ಕೆ ಮೀಟಿ ಹಿಡಿದು ಬಿಗಿಮಾಡಿದ. ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿ ನೋಡಿದ. ನಮ್ಮ ಡ್ರೈವರುಗಳು ಒತ್ತಿ ನೋಡುತ್ತಿದ್ದದ್ದೂ ಹೀಗೆಯೇ. ರೇಡಿಯೇಟರಿಗೆ ನೀರು ತುಂಬಿದೆವು. ಮುಚ್ಚುವ ಮೊದಲು ಅವನು ಕೊಂಡಿಗೆ ಎರಡನೆಯ ತಂತಿಯೊಂದನ್ನು ಕಟ್ಟಿ, ಅದರ ಕುಣಿಕೆಯನ್ನು ಬಂಪರಿನ ಹಿಂದೆ ಹೊರಗಿನವರ ಕಣ್ಣಿಗೆ ಕಾಣದಂತೆ ಇಳಿಬಿಟ್ಟ. ಪಿನ್ನಿಗೆ ಗ್ರೀಸು ಸವರಿದ. ಪಿನ್ನನ್ನು ತಿರುಪಿ ಎತ್ತರ ಸರಿಮಾಡಬಹುದು. ಅತಿ ಬಿಗಿಯಾದರೆ ಕೊಂಡಿ ಬಿಡುವುದಿಲ್ಲ, ಅತಿ ಸಡಿಲವಾದರೆ ಬಾನೆಟ್ಟು ದಾರಿಯುದ್ದ ಗಲಗಲ ಎನ್ನುತ್ತದೆ.

ಬಿಳಿ ಕುದುರೆಯನ್ನು ನೋಡಿದೆವು. ನೂರು ಮೀಟರಿಗೂ ಉದ್ದದ, ನಾಲ್ಕಾರು ಗೆರೆಗಳಲ್ಲೇ ನೆಗೆಯುವ ಕುದುರೆ. ಹುಲ್ಲು ಮುಚ್ಚದಂತೆ ತಲೆಮಾರುಗಳಿಂದ ಜನ ಅದನ್ನು ಕೆರೆದು, ಸುಣ್ಣಕಲ್ಲು ಬಡಿದು ಉಳಿಸಿಕೊಂಡು ಬಂದಿದ್ದಾರೆ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ತೋಟದ ಶೆಡ್ಡಿನಲ್ಲೋ ಹಳೆಯ ಪೆಟ್ರೋಲ್ ಅಂಬಾಸಿಡರ್ ಒಂದು ನಿಂತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಾನೆಟ್ಟು ತೆರೆಯದಿದ್ದರೆ ಮೀಟಬೇಡಿ. ಇನ್ನೊಬ್ಬರನ್ನು ಕರೆದು ಒತ್ತಿಸಿ, ನೀವು ಎಳೆಯಿರಿ. ತೆರೆದ ಮೇಲೆ ಮಕ್ಕಳನ್ನು ಕರೆದು ತೋರಿಸಿ.