ಭೈರವಿಯ ತನಕ

ಸಂಗೀತಕ್ಕೂ ಬಸ್ಸಿನ ವೇಳೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಸತ್ತೂರಿನಲ್ಲಿ ಸಂಸಾರ ಹೂಡಿ, ಜೊತೆಗೆ ಗಾಯನ ಕೇಳುವ ಹುಚ್ಚನ್ನೂ ಹಚ್ಚಿಕೊಂಡ ನನ್ನಂಥವಳನ್ನು ಕೇಳಬೇಕು. ನಮ್ಮೂರು ಹುಬ್ಬಳ್ಳಿ-ಧಾರವಾಡದ ನಡುವಿನ ರಸ್ತೆಯ ಮೇಲಿದೆ. ಈ ಕಡೆ ಹೋದರೆ ಧಾರವಾಡದ ಸೃಜನಾ ರಂಗಮಂದಿರ, ವಿದ್ಯಾವರ್ಧಕ ಸಂಘ. ಆ ಕಡೆ ಹೋದರೆ ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರ. ಹಗಲು ಹೊತ್ತು ಎರಡೂ ಊರು ಹತ್ತಿರ. ರಾತ್ರಿ ಒಂಬತ್ತು ಹೊಡೆದ ಮೇಲೆ ಎರಡೂ ದೂರ.

"ರೇಡಿಯೋದಾಗ ಹಾಡು ಬರೂದಿಲ್ಲೇನವಾ? ಅಷ್ಟು ದೂರ ಹೋಗಿ ಕೇಳೂದು ಏನದ?" ಎಂದು ನಮ್ಮತ್ತೆ ಕೇಳುತ್ತಿದ್ದರು. ಅದರಲ್ಲಿ ಕೊಂಕು ಇರಲಿಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಂದಿನಿಂದ ಈ ಭಾಗದ ಅಡಿಗೆಮನೆಗಳಿಗೆಲ್ಲ ಖ್ಯಾಲು ಬಂದದ್ದು ರೇಡಿಯೋದಿಂದಲೇ. ರೊಟ್ಟಿ ಬಡಿಯುತ್ತ ನಾನೂ ಎಷ್ಟೋ ಕೇಳಿದ್ದೇನೆ. ಆದರೆ ಎದುರಿಗೆ ಕೂತು ಕೇಳುವುದರ ಬಗೆಯೇ ಬೇರೆ. ತಂಬೂರಿ ಶ್ರುತಿಗೂಡುವುದನ್ನು, ತಬಲಾದವರು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವರ ಹೊಂದಿಸುವುದನ್ನು ನೋಡುತ್ತಲೇ ಮನೆಯ ಗದ್ದಲ ಕಿವಿಯಿಂದ ಇಳಿದುಹೋಗುತ್ತದೆ. ಕಾಲೇಜಿನಲ್ಲಿದ್ದಾಗ ಮಲ್ಲಿಕಾರ್ಜುನ ಮನಸೂರರನ್ನು ಹಾಗೆ ಹತ್ತಿರದಿಂದ ಕೇಳಿದ್ದೆ. ಅಪರೂಪದ ರಾಗಗಳೆಂದರೆ ಅವರಿಗೆ ಬಲು ಪ್ರೀತಿ. ಅವರು ಆಲಾಪ ಎತ್ತಿದರೆ ಸಾಕು, "ಯಾವ ರಾಗರೀ?" ಎಂದು ಸಾಲಿನಿಂದ ಸಾಲಿಗೆ ಪಿಸುಮಾತು ಹರಿಯುತ್ತಿತ್ತು. ಆ ಪಿಸುಮಾತು ರೇಡಿಯೋದಲ್ಲಿ ಬರುವುದಿಲ್ಲ. 1992ರಲ್ಲಿ ಅವರು ತೀರಿಕೊಂಡ ಮೇಲೆ, ಎದುರಿಗೆ ಕೂತು ಕೇಳಿದ ಆ ಎರಡು ತಾಸು ಎಂಥ ಆಸ್ತಿ ಎಂಬುದು ನನಗೆ ತಿಳಿಯಿತು.

ಮದುವೆಯಾದ ಮೇಲೆ ಕಚೇರಿಗೆ ಹೋಗುವುದೆಂದರೆ ಒಂದು ಸಣ್ಣ ದಂಡಯಾತ್ರೆ. ಸಾಲಿಯಿಂದ ಬಂದು, ರಾತ್ರಿಯ ಸಾರು-ಪಲ್ಯ ಮಾಡಿಟ್ಟು, ಹುಡುಗರ ಹೋಮ್‌ವರ್ಕ್ ನೋಡಿ, ಹೊರಗೆ ಬೀಳುವಷ್ಟರಲ್ಲಿ ಐದೂವರೆ. ಆಮಂತ್ರಣ ಪತ್ರಿಕೆಯಲ್ಲಿ "ಸಂಜೆ 6 ಗಂಟೆಗೆ ಸರಿಯಾಗಿ" ಎಂದಿರುತ್ತದೆ. ಆರಕ್ಕೆ ಸರಿಯಾಗಿ ಬಂದವರು ನಾವು ನಾಲ್ಕು ಹೆಂಗಸರು, ಜಮಖಾನೆ ಹಾಸುವ ಹುಡುಗರು. ಆಮೇಲೆ ದೀಪ ಬೆಳಗುವುದು, ಸ್ವಾಗತ, ಹಾರ ತುರಾಯಿ, "ಎರಡೇ ಮಾತು" ಎಂದು ಎದ್ದು ಇಪ್ಪತ್ತು ನಿಮಿಷ ನಿಲ್ಲುವ ಅತಿಥಿಗಳು. ಗಾಯಕರು ಷಡ್ಜ ಹಚ್ಚುವಾಗ ಏಳೂವರೆ. ಬಡಾ ಖ್ಯಾಲು ಹದಕ್ಕೆ ಬಂದು, ರಾಗ ಕೈಹಿಡಿದು ಕರೆಯುವ ಹೊತ್ತಿಗೆ ನಾವು ಕೈಗಡಿಯಾರ ನೋಡಬೇಕು. ಸೆರಗು ಹೊದ್ದು, ತಲೆ ತಗ್ಗಿಸಿ, ಮಂದಿಯ ಮೊಣಕಾಲು ದಾಟಿ ಹೊರಗೆ ಬರುವಾಗ ಬೆನ್ನ ಹಿಂದೆ ತಾನು ಏರುತ್ತಿರುತ್ತದೆ. ಬಸ್ಸಿನಲ್ಲಿ ಕೂತರೂ ಕಿವಿ ಅಲ್ಲೇ. ಅತಿಥಿಗಳು ತಿಂದ ವೇಳೆಯ ಲೆಕ್ಕವನ್ನು ತೀರಿಸಿದವರು ನಾವು. ಗಂಡಸರು ಭೈರವಿ ಮುಗಿಸಿ, ಚಹಾ ಕುಡಿದು, ಸ್ಕೂಟರಿನ ಮೇಲೆ ಮನೆಗೆ ಹೋಗುತ್ತಿದ್ದರು.

ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತುಂಟು. ಸಂಜೆಗೆ ಪೂರಿಯಾ, ಯಮನ್, ರಾತ್ರಿಗೆ ಬಿಹಾಗ, ಮಾಲಕಂಸ, ಬೆಳಗಿನ ಜಾವಕ್ಕೆ ಲಲತ, ಬಿಸಿಲೇರುವಾಗ ತೋಡಿ. ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ಕೇಳಬಲ್ಲವಳಿಗೆ ಯಮನ್ ನೂರು ಸಲ ಸಿಕ್ಕೀತು; ಲಲತ ಒಮ್ಮೆಯೂ ಸಿಗಲಿಕ್ಕಿಲ್ಲ. ನಾವು ಹೆಂಗಸರು ಸಂಗೀತ ಕೇಳಿದ್ದೇವೆ ಎನ್ನುತ್ತೇವಲ್ಲ, ಕೇಳಿದ್ದು ದಿನದ ಒಂದು ತುಣುಕಿನ ಸಂಗೀತವನ್ನಷ್ಟೇ.

ನನಗೆ ಉಳಿದ ತುಣುಕನ್ನು ಕೊಟ್ಟಿದ್ದು ಕುಂದಗೋಳ. ಅದು ಸವಾಯಿ ಗಂಧರ್ವರ ಊರು. ಅವರು ತೀರಿಕೊಂಡದ್ದು 1952ರಲ್ಲಿ. ಅವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆದು ಬಂದಿದೆ. ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಗುರುವಿಗೆ ಸ್ವರದ ಕಾಣಿಕೆ ಸಲ್ಲಿಸಿದ ಜಾಗ ಅದು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಇದೇ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿಸಿಕೊಂಡವರು. ಹಾಡುವ ಹೆಣ್ಣುಮಗಳು ಬೀದಿಯಲ್ಲಿ ನಡೆದರೆ ಮಂದಿ ಆಡಿಕೊಳ್ಳುತ್ತಿದ್ದ ಕಾಲ ಅದು. ಹಾಡಲಿಕ್ಕೆ ಅವರು ಅಷ್ಟು ತಾಳಿಕೊಂಡರಲ್ಲ, ಕೇಳಲಿಕ್ಕೆ ನಾವು ಒಂದು ರಾತ್ರಿ ಮನೆ ಬಿಡಲಾರೆವೇ?

ಹಾಗೆಂದು ತೊಂಬತ್ತರ ದಶಕದ ಕೊನೆಗೆ ಒಂದು ವರ್ಷ ನಾವು ಐದು ಮಂದಿ ಶಿಕ್ಷಕಿಯರು ಕೂಡಿ ಟೆಂಪೋ ಗೊತ್ತು ಮಾಡಿದೆವು. ನಮ್ಮ ಮನೆಯವರು, "ಹೋಗಿ ಬಾ. ಹುಡುಗರನ್ನ ನಾ ನೋಡ್ಕೋತೀನಿ" ಎಂದರು. ಅತ್ತೆ ಏನೂ ಅನ್ನಲಿಲ್ಲ. ಹೊರಡುವಾಗ ಒಂದು ಡಬ್ಬಿ ಅವಲಕ್ಕಿ, ತಮ್ಮ ಶಾಲು ತಂದು ಕೈಗಿಟ್ಟರು.

ನಡುರಾತ್ರಿಗೆ ನಿದ್ದೆ ಎಳೆಯಿತು. ಒಬ್ಬರ ಹೆಗಲ ಮೇಲೆ ಒಬ್ಬರು ತೂಕಡಿಸಿದೆವು. ನಾಲ್ಕರ ಸುಮಾರಿಗೆ ಹಿರಿಯ ಗಾಯಕರೊಬ್ಬರು ಲಲತ ಹಿಡಿದರು. ಆ ರಾಗದಲ್ಲಿ ಪಂಚಮವಿಲ್ಲ. ಎರಡು ಮಧ್ಯಮಗಳು ಒಂದಕ್ಕೊಂದು ತಾಗಿ ಬರುತ್ತವೆ. ಕತ್ತಲು ಬೆಳಕಾಗುವ ಗಳಿಗೆ ಹೇಗೆ ಇದೂ ಅಲ್ಲ ಅದೂ ಅಲ್ಲವೋ, ಹಾಗೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ತಣ್ಣನೆಯ ಗಾಳಿ ಬೀಸಿ, ಎಲ್ಲೋ ಕೋಳಿ ಕೂಗಿ, ಎದುರಿಗಿದ್ದವರ ಮುಖ ನಿಧಾನಕ್ಕೆ ಕಾಣತೊಡಗಿದಾಗ ಓದಿದ್ದಕ್ಕೆ ಜೀವ ಬಂತು. ಯಾರೂ ಗಡಿಯಾರ ನೋಡಲಿಲ್ಲ. ಕಡೆಗೆ ಭೈರವಿ ಮುಗಿದಾಗ ನನ್ನ ಪಕ್ಕದಾಕೆ ಅಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಶಾಲಿನ ಅಂಚೂ ಒದ್ದೆಯಾಗಿತ್ತು.

2000ದಲ್ಲಿ ಶಬ್ದಮಾಲಿನ್ಯದ ನಿಯಮ ಬಂದು, ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆಯಾಯಿತು. ಪುಣೆಯ ದೊಡ್ಡ ಉತ್ಸವದಲ್ಲೂ ಅಹೋರಾತ್ರಿಯ ಬೈಠಕ್ ನಿಂತಿತು. ನಿಯಮ ಒಳ್ಳೆಯದೇ, ಮಲಗುವ ರೋಗಿಗಳೂ ಓದುವ ಮಕ್ಕಳೂ ಇದ್ದಾರೆ. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದ ಮೇಲೆ ಸತ್ತೂರಿನವರ ದಾರಿಯೂ ಹಗುರಾಯಿತು. ಆದರೆ ಆರು ಎಂದು ಅಚ್ಚು ಹಾಕಿಸಿ ಏಳೂವರೆಗೆ ಶುರು ಮಾಡುವ ಪದ್ಧತಿ ಇನ್ನೂ ಹೋಗಿಲ್ಲ.

ಅದಕ್ಕೇ ಈಗ ಆಮಂತ್ರಣ ಕೊಡಲು ಬಂದವರನ್ನು ನಾನು ಎರಡು ಮಾತು ಕೇಳುತ್ತೇನೆ. ಮುಗಿಯುವುದು ಎಷ್ಟಕ್ಕೆ? ಮತ್ತೆ, ರವಿವಾರ ಬೆಳಿಗ್ಗೆ ಒಂದು ಕಚೇರಿ ಇಟ್ಟರೆ ಹೇಗೆ? ಬೆಳಗಿನ ರಾಗಗಳೂ ಉಳಿದಾವು, ಹೆಂಗಸರೂ ಕೊನೆಯತನಕ ಕೂತಾರು. ಮೊದಮೊದಲು ಅವರು ನಗುತ್ತಿದ್ದರು. ಹೋದ ಸಲ ಬಂದ ಹುಡುಗ ಮಾತ್ರ ನಗಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡ.