ಮುಚ್ಚಿದ ಬಾಗಿಲಿನ ಮುಂದೆ ಮೈಕು

ಗಂಭೀರವಾದ ದನಿಯೊಂದೇ ಸತ್ಯಕ್ಕೆ ಸಾಕ್ಷಿಯಾಗಬಲ್ಲದೆ? 1988ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್‌ನಲ್ಲಿ ಪ್ರಸಾರವಾದ ‘ದಿಸ್ ಈಸ್ ಡೇವಿಡ್ ಲ್ಯಾಂಡರ್’ ಎಂಬ ವಿಡಂಬನಾ ಸರಣಿ ಈ ಪ್ರಶ್ನೆಯನ್ನು ನಗಿಸುತ್ತಲೇ ಕೇಳಿತ್ತು. ಲ್ಯಾಂಡರ್ ಪಾತ್ರ ಮಾಡಿದ ಸ್ಟೀಫನ್ ಫ್ರೈ ಮುಂದೆ ದೊಡ್ಡ ಹೆಸರಾದರು. ಆದರೆ ಆ ಸರಣಿಯನ್ನು ನೆನಪಿಟ್ಟುಕೊಂಡವರು ಬ್ರಿಟನ್ನಿನಲ್ಲೂ ಈಗ ಕಡಿಮೆ.

ಅದು ಹುಟ್ಟಿದ್ದು ರೇಡಿಯೋದಲ್ಲಿ. 1984ರಿಂದ 1987ರವರೆಗೆ ಬಿಬಿಸಿ ರೇಡಿಯೋ ಫೋರ್‌ನಲ್ಲಿ ಬಂದ ‘ಡೆಲ್ವ್ ಸ್ಪೆಷಲ್’ ಇದರ ಮೂಲ. ಬರೆದವರು ಟೋನಿ ಸಾರ್ಶೆ. ಲಂಡನ್ನಿನ ಮೂರನೆಯ ವಿಮಾನ ನಿಲ್ದಾಣವನ್ನು ಲಂಡನ್ನಿನಿಂದ ಬಹುದೂರದ ಶಿಫ್ಟನ್ ಎಂಬ ಊರಿನಲ್ಲಿ ಕಟ್ಟಲು ಹೊರಟವರ ಬೆನ್ನು ಹತ್ತುವುದು ಲ್ಯಾಂಡರ್‌ನ ಮೊದಲ ತನಿಖೆ. ಆ ದಿನಗಳಲ್ಲಿ ಮೂರನೆಯ ನಿಲ್ದಾಣ ಎಲ್ಲಿರಬೇಕೆಂಬ ವಾದ ಬ್ರಿಟನ್ನಿನಲ್ಲಿ ನಿಜವಾಗಿಯೂ ನಡೆದಿತ್ತು. ಟಿ.ವಿ. ಸರಣಿಯ ಎರಡನೆಯ ಕಂತಿಗೆ ಫ್ರೈ ಬರಲಿಲ್ಲ. 1990ರಲ್ಲಿ ಟೋನಿ ಸ್ಲ್ಯಾಟರಿ ಬಂದರು, ವರದಿಗಾರನ ಹೆಸರು ಡೇವಿಡ್ ಹಾರ್ಪರ್ ಎಂದಾಯಿತು.

ವಿಡಂಬನೆಯ ಗುರಿ ಯಾವುದೆಂದು ಅಲ್ಲಿನ ಪ್ರೇಕ್ಷಕರಿಗೆ ಹೇಳಬೇಕಾಗಿರಲಿಲ್ಲ. ರೋಜರ್ ಕುಕ್ ಎಂಬ ವರದಿಗಾರ 1973ರಿಂದ ರೇಡಿಯೋದ ‘ಚೆಕ್‌ಪಾಯಿಂಟ್’ನಲ್ಲಿ, 1987ರಿಂದ ಟಿ.ವಿ.ಯ ‘ದಿ ಕುಕ್ ರಿಪೋರ್ಟ್’ನಲ್ಲಿ ವಂಚಕರ ಬಾಗಿಲಿಗೇ ಹೋಗಿ ಪ್ರಶ್ನೆ ಕೇಳುತ್ತಿದ್ದರು, ಎಷ್ಟೋ ಸಲ ಹೊಡೆತವನ್ನೂ ತಿಂದರು. ಅವರಿಂದ ಬಯಲಿಗೆ ಬಂದ ಮೋಸಗಳು ಹಲವು. ಲ್ಯಾಂಡರ್ ಅವರ ನೆರಳು: ಅದೇ ಆವೇಶ, ಅದೇ ಮೈಕು, ಅದೇ ಏಟು. ಇಲ್ಲದ್ದು ವಿವೇಕವೊಂದೇ.

ಕತೆ ಬರೆಯುವ ನನಗೆ ಈ ನಗೆಯ ಒಳಗುಟ್ಟು ಬೇಗ ತಿಳಿಯುತ್ತದೆ. ಕತ್ತಲ ಬೀದಿ, ತಗ್ಗಿಸಿದ ದನಿ, ಮಾತಿನ ನಡುವೆ ಒಂದು ಮೌನ, ಕೊನೆಗೆ ಮುಖದ ಮೇಲೆ ಮುಚ್ಚಿಕೊಳ್ಳುವ ಬಾಗಿಲು. ಕತೆಯಲ್ಲಿ ನಾವೂ ಇವನ್ನೇ ಬಳಸುತ್ತೇವೆ, ಓದುಗ ಉಸಿರು ಬಿಗಿ ಹಿಡಿದು ಕೂರಲೆಂದು. ಆದರೆ ಕತೆಯ ಪಾತ್ರಕ್ಕೆ ಮರುದಿನ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾದ ಪಾಡಿಲ್ಲ. ಕ್ಯಾಮೆರಾದ ಮುಂದಿರುವ ಮನುಷ್ಯನಿಗೆ ಆ ಪಾಡಿದೆ. ಬಾಗಿಲು ಮುಚ್ಚಿದವನು ಕಳ್ಳನಿರಬಹುದು. ಬರಿಯ ಹೆದರಿದವನೂ ಇರಬಹುದು. ಒಳಗೆ ಕಾಯಿಲೆಯ ತಾಯಿ ಮಲಗಿರಬಹುದು. ಪರದೆಯ ಮೇಲೆ ಮಾತ್ರ ಎಲ್ಲ ಬಾಗಿಲುಗಳೂ ತಪ್ಪೊಪ್ಪಿಗೆಯಂತೆಯೇ ಕಾಣುತ್ತವೆ.

ಉರ್ದುವಿನಲ್ಲಿ ತನಿಖೆಗೆ, ಸಂಶೋಧನೆಗೆ ‘ತಹಕೀಕ್’ ಎನ್ನುತ್ತೇವೆ. ಅದರ ಬೇರು ಅರಬಿಯ ‘ಹಕ್’. ಕನ್ನಡದ ‘ಹಕ್ಕು’ ಬಂದದ್ದೂ ಅಲ್ಲಿಂದಲೇ. ಅರಬಿಯಲ್ಲಿ ಆ ಒಂದು ಪದಕ್ಕೆ ಸತ್ಯ ಎಂಬ ಅರ್ಥವೂ ಇದೆ, ಹಕ್ಕು ಎಂಬ ಅರ್ಥವೂ ಇದೆ. ಎರಡು ಶಾಲೆಯ ಭಾಷೆಗಳ ನಡುವೆ ಬೆಳೆದ ನನಗೆ ಈ ನಂಟು ಮತ್ತೆ ಮತ್ತೆ ನೆನಪಾಗುತ್ತದೆ. ಸತ್ಯ ಹುಡುಕಲು ಹೊರಟವನು ಎದುರಿಗಿರುವವನ ಹಕ್ಕನ್ನೂ ಜೊತೆಗೆ ಹೊತ್ತು ನಡೆಯಬೇಕು. ಲ್ಯಾಂಡರ್ ಕಳೆದುಕೊಂಡದ್ದು ಈ ಎರಡನೆಯದನ್ನು. ಹಾಗಾಗಿ ಮೊದಲನೆಯದೂ ಅವನ ಕೈಗೆ ಸಿಗಲಿಲ್ಲ.

ವಿಡಂಬನೆ ನಕ್ಕದ್ದು ಸತ್ಯಶೋಧನೆಯನ್ನಲ್ಲ, ಅದರ ವೇಷವನ್ನು. ಹಾಗೆಂದು ಬಾಗಿಲು ತಟ್ಟುವವರೇ ಬೇಡವೆಂದರೆ ಅದರಿಂದ ಲಾಭವಾಗುವುದು ವಂಚಕರಿಗೇ. ತಟ್ಟುವ ಮುಂಚೆ ಕಾಗದಪತ್ರ ನೋಡಿದವರು, ಆ ಕಡೆಯ ಮಾತನ್ನೂ ಕೇಳಲು ಕಾದು ನಿಂತವರು ನಮಗೆ ಬೇಕು. ಕೈಯಲ್ಲಿ ಮೊಬೈಲ್ ಇರುವ ಯಾರಾದರೂ ಇಂದು ಲ್ಯಾಂಡರ್ ಆಗಬಹುದು, ಆಗ ನಗಲು ಪಕ್ಕದಲ್ಲಿ ಸ್ಟೀಫನ್ ಫ್ರೈ ಇರುವುದಿಲ್ಲ. ಪರದೆಯಲ್ಲಿ ಮುಚ್ಚಿದ ಬಾಗಿಲು ಕಂಡಾಗ ಒಳಗಿರುವವನು ಏನು ಹೇಳಬಹುದಿತ್ತು ಎಂದು ಒಂದು ಗಳಿಗೆ ಯೋಚಿಸುವುದು ನೋಡುವವರ ಪಾಲಿನ ತಹಕೀಕ್. ಅಷ್ಟನ್ನಾದರೂ ನಾವು ಮಾಡಬಹುದಲ್ಲವೆ?